ಬೀದಿ ರೇಸ್ ವೀಕೆಂಡ್‌ಗೆ ಸ್ಪೋರ್ಟ್ಸ್ ಕಾರು ತಗೊಂಡು ಹೋಗೋದಾ, ಮನೇಲಿ ಬಿಟ್ಟು ಹೋಗೋದಾ? ಬಳ್ಳಾರಿ-ಕೊಪ್ಪಳ-ರಾಯಚೂರು ಮಂದಿ ಹೇಳಿ

ಕೋಟೆಕೂಪೆ (ಬಳ್ಳಾರಿ)
ಎಲ್ರಿಗೂ ನಮಸ್ಕಾರ. ಬಳ್ಳಾರಿ, ಹೊಸಪೇಟೆ ಸೇರಿ ನಾವೊಂದಿಷ್ಟು ಮಂದಿ ಸ್ಪೋರ್ಟ್ಸ್ ಕಾರು ಇಟ್ಕೊಂಡಿದೀವಿ. ಎಲ್ಲಾ ಸೆಕೆಂಡ್ ಹ್ಯಾಂಡೇ, ದೊಡ್ಡಸ್ತಿಕೆ ಏನಿಲ್ಲ. ಎರಡು ಪೋರ್ಷೆ 718, ಒಂದು ಮಸ್ಟಾಂಗ್, ಒಂದು ಹಳೇ ಜೆಡ್4, ಒಂದು ಆಡಿ ಟಿಟಿ. 2024ರಲ್ಲಿ ಚೆನ್ನೈಯಲ್ಲಿ ಆಯ್ತಲ್ಲ, ಅಂಥ ಬೀದಿ ರೇಸು ಇನ್ನೊಮ್ಮೆ ದಕ್ಷಿಣದಲ್ಲಿ ಎಲ್ಲೇ ಆಗಲಿ, ಟಿವಿ ಮುಂದೆ ಕೂರೋದು ಬೇಡ, ಪ್ರಾಕ್ಟೀಸ್‌ನಿಂದ ಹಿಡಿದು ಕೊನೇ ರೇಸ್ ತನಕ ಅಲ್ಲೇ ಬೀಡು ಬಿಡೋಣ ಅಂತ ಮಾತಾಗಿದೆ. ಅಲ್ಲಿವರೆಗೆ ಎಲ್ರೂ ಒಂದೇ.

ಜಗಳ ಶುರುವಾಗಿದ್ದು ಕಾರಿನ ವಿಷಯಕ್ಕೆ. ಒಬ್ರು ಅಂತಾರೆ, ಇಂಥ ಕಾರು ಇಟ್ಕೊಂಡು ರೇಸ್ ನೋಡಾಕೆ ಬಸ್ಸಲ್ಲಿ ಹೋದ್ರೆ ಜನ ಉಗೀತಾರೆ ಅಂತ. ಇನ್ನೊಬ್ರು, ಊರ ರಸ್ತೆ ಮುಚ್ಚಿನೇ ರೇಸ್ ಮಾಡೋದು, ನಿನ್ನ ಕಾರು ಎಲ್ಲಿ ಓಡಿಸ್ತೀಯ, ಎಲ್ಲಿ ನಿಲ್ಲಿಸ್ತೀಯ ಅಂತ. ಹೋಗಿ ಬಂದವರಿದ್ರೆ ಹೇಳಿ: ದಾರಿ ಹೆಂಗೆ, ಪಾರ್ಕಿಂಗ್ ಹೆಂಗೆ, ಮತ್ತೆ ಈ ಕಾರು ಮಾಲೀಕರಿಗೆ ಟ್ರ್ಯಾಕ್ ಮೇಲೆ ಒಂದು ಸುತ್ತು ಬಿಡ್ತಾರೆ ಅಂತಾರಲ್ಲ, ಅದಕ್ಕೆ ವಿಮೆ ಅನ್ವಯಿಸುತ್ತಾ?

ತೀನ್‌ಕಂದೀಲ್ (ರಾಯಚೂರು)
ರಾಯಚೂರಿಗೆ ಬರ್ರಿ, ಇಲ್ಲಿಂದ ರೈಲು ಹತ್ರಿ. ಮುಂಬೈ-ಚೆನ್ನೈ ಮೇನ್ ಲೈನ್ ಮ್ಯಾಲ ಕುಂತೀವಿ ನಾವು. ಕಾರು ಮನ್ಯಾಗ ಇರ್ಲಿ, ಅದರ ಫೋಟೋ ಮೊಬೈಲ್‌ದಾಗ ಇರ್ಲಿ.

ಜೀನ್ಸ್‌ಗಲ್ಲಿ (ಬಳ್ಳಾರಿ)
ಫೋಟೋ ತೋರಿಸಿದ್ರೆ ಪಾರ್ಕಿಂಗ್ ಕೊಡ್ತಾರಾ?

ತೀನ್‌ಕಂದೀಲ್ (ರಾಯಚೂರು)
ಕಾರು ತೋರಿಸಿದ್ರೂ ಕೊಡಂಗಿಲ್ಲ. ಅದಕ್ಕ ಹೇಳಿದ್ದು.

ಹೇರ್‌ಪಿನ್‌ಅಕ್ಕ (ಹೊಸಪೇಟೆ)
ಮೇಲೆ ಹೇಳಿದ ‘ಹಳೇ ಜೆಡ್4’ ನಂದು. ಹಳೇದಲ್ಲ, ಅನುಭವಿ.

ಹೈದರಾಬಾದ್ ಇ-ಪ್ರಿಗೆ, ಅಂದ್ರೆ 2023ರ ಫೆಬ್ರವರಿಯ ಫಾರ್ಮುಲಾ ಇ (ಎಲೆಕ್ಟ್ರಿಕ್ ಕಾರುಗಳ) ಬೀದಿ ರೇಸಿಗೆ, ನಾವಿಬ್ರೂ ಕಾರಲ್ಲೇ ಹೋಗಿದ್ವಿ. ಬಳ್ಳಾರಿ, ಗುಂತಕಲ್ಲು ದಾಟಿ ಗುತ್ತಿಯಲ್ಲಿ 44ನೇ ಹೆದ್ದಾರಿ ಸಿಕ್ಕಿಬಿಟ್ರೆ ಕರ್ನೂಲು, ಹೈದರಾಬಾದ್ ತನಕ ಚಿಂತೆ ಇಲ್ಲ. ಗುತ್ತಿ ಮುಟ್ಟೋ ತನಕ ಮಾತ್ರ ಲಾರಿಗಳ ಮಧ್ಯ ಜೀವ ಕೈಯಲ್ಲಿ. ಇಷ್ಟು ಕೆಳಗೆ ಕೂತ್ರೆ ಅದಿರು ಲಾರಿಯ ಚಕ್ರದ ಬೋಲ್ಟು ಕಣ್ಣಿನ ಸಮಕ್ಕೆ ಬರ್ತವೆ, ಗೊತ್ತಲ್ಲ.

ಊರು ಸೇರಿದ ಮೇಲೆ ಕಾರು ಹೊರೆ. ಟ್ರ್ಯಾಕ್ ಇದ್ದಿದ್ದು ಹುಸೇನ್ ಸಾಗರದ ದಂಡೆ ಮೇಲೆ, 2.8 ಕಿ.ಮೀ. ಚಿಲ್ರೆ, 18 ತಿರುವು. ಆ ರಸ್ತೆ ಮುಚ್ಚಿದ ಮೇಲೆ ಸುತ್ತಲಿನ ಗಲ್ಲಿಗಳಲ್ಲಿ ಗಾಡಿಗಳು ಬೆಸುಗೆ ಹಾಕಿದಂಗೆ ನಿಂತಿದ್ವು. ಲಕ್ಡಿಕಾಪೂಲ್ ಹತ್ರ ನಾನು ನೋಡಿದ್ದು ಎಂಜಿನ್ ಟೆಂಪರೇಚರ್ ಮಾತ್ರ, ಇನ್ನೇನೂ ನೋಡಿಲ್ಲ. ಮಾರನೇ ದಿನ ಕಾರು ನೆಂಟರ ಮನೇಲಿ ಬಿಟ್ಟು ಮೆಟ್ರೋ ಹತ್ತಿ ಖೈರತಾಬಾದಲ್ಲಿ ಇಳಿದು ನಡ್ಕೊಂಡು ಹೋದ್ವಿ. ಅವತ್ತೇ ಮಜಾ ಬಂದಿದ್ದು.

ಇನ್ನೊಂದು, ಫಾರ್ಮುಲಾ ಇ ನೋಡೋದಾದ್ರೆ ‘ಶುಕ್ರವಾರದಿಂದ ಭಾನುವಾರ’ ಅಂತ ರೂಂ ಬುಕ್ ಮಾಡ್ಬೇಡಿ. ಹೈದರಾಬಾದಲ್ಲಿ ಕ್ವಾಲಿಫೈಯಿಂಗೂ (ರೇಸಲ್ಲಿ ಯಾರು ಮುಂದೆ ನಿಲ್ಲಬೇಕು ಅಂತ ಗೊತ್ತು ಮಾಡೋ ಸುತ್ತು) ರೇಸೂ ಎರಡೂ ಶನಿವಾರಾನೇ ಮುಗೀತು. ಭಾನುವಾರ ಬಿರಿಯಾನಿ ತಿಂದ್ವಿ ಅಷ್ಟೇ.

ಕೋಟೆಕೂಪೆ (ಬಳ್ಳಾರಿ)
ಸೀಟು ಎಲ್ಲಿ ತಗೊಂಡಿದ್ರಿ ಅಕ್ಕ?

ಹೇರ್‌ಪಿನ್‌ಅಕ್ಕ (ಹೊಸಪೇಟೆ)
ಹೆಸರಲ್ಲೇ ಇದೆಯಲ್ಲಪ್ಪ. ಬೀದಿ ಸರ್ಕ್ಯೂಟಲ್ಲಿ ನೇರ ರಸ್ತೆ ಪಕ್ಕ ಸೀಟು ತಗೊಂಡ್ರೆ ಕಬ್ಬಿಣದ ಜಾಲರಿ ಹಿಂದೆ ಬಣ್ಣದ ಗೆರೆ ಹೋದಂಗೆ ಕಾಣುತ್ತೆ, ಮುಗೀತು. ಹೇರ್‌ಪಿನ್, ಅಂದ್ರೆ ಯು ಆಕಾರದ ತಿರುವಿನ ಹತ್ರ ಕಾರು ನಿಧಾನ ಆಗುತ್ತೆ, ಡ್ರೈವರ್ ಕೈ ಕಾಣುತ್ತೆ, ಗುದ್ದಾಟನೂ ಅಲ್ಲೇ. ಸ್ಯಾಮ್ ಬರ್ಡ್ ತನ್ನದೇ ಜಾಗ್ವಾರ್ ತಂಡದ ಮಿಚ್ ಇವಾನ್ಸ್‌ಗೆ ಹೋಗಿ ಹೊಡೆದು ಇಬ್ರ ರೇಸೂ ಹಾಳು ಮಾಡಿದ್ದು ಹೇರ್‌ಪಿನ್‌ನಲ್ಲೇ. ಗೆದ್ದಿದ್ದು ವೆರ್ನ್. ಎಲೆಕ್ಟ್ರಿಕ್ ಕಾರಾದ್ದರಿಂದ ಟೈರು ಕಿರುಗುಟ್ಟೋದೂ ಕಿವಿಗೆ ಬೀಳ್ತಿತ್ತು.

ಜೀನ್ಸ್‌ಗಲ್ಲಿ (ಬಳ್ಳಾರಿ)
ಸದ್ದಿಲ್ಲದ ರೇಸು ಅಂದ್ರೆ ಖಾರ ಇಲ್ಲದ ಮಿರ್ಚಿ. ನಾನಂತೂ ಬರಲ್ಲ.

ಗಿಣಿಗೇರಾ_ಗೇರ್ (ಕೊಪ್ಪಳ)
ಅಕ್ಕಾರ ಮಾತಿಗೆ ನನ್ನ ವಿರೋಧ ಐತ್ರಿ. ಕಾರು ತಗೊಂಡ ಹೋಗ್ಬೇಕು. ಊರಾಗ ಓಡ್ಸಾಕ ಆಗಂಗಿಲ್ಲ ಖರೆ, ಆದ್ರ ದಾರಿ ಐತಲ್ಲ? ವರ್ಷಪೂರ್ತಿ ಕೊಪ್ಪಳದಿಂದ ಗಂಗಾವತಿಗೆ, ಗಂಗಾವತಿಯಿಂದ ಕೊಪ್ಪಳಕ್ಕ ಹಂಪ್ ಎಣಸ್ಕೊಂತ ಓಡ್ಸೋ ಗಾಡಿಗೆ ಒಮ್ಮೆರ ಖರೇ ರಸ್ತಾ ತೋರ್ಸೂದು ಬ್ಯಾಡೇನು?

ಚೆನ್ನೈಗೆ ನಾ ಹೋಗಿದ್ದು ಬಳ್ಳಾರಿ, ಉರವಕೊಂಡ, ಅನಂತಪುರ, ಕದಿರಿ, ಮದನಪಲ್ಲಿ ಮ್ಯಾಲಿಂದ, ಆಮ್ಯಾಲೆ ಚಿತ್ತೂರು ಹಾದಿ. ಬೆಂಗಳೂರಿಗೆ ಹೋಗಿ ಟ್ರಾಫಿಕ್ಕಿನ್ಯಾಗ ಅರ್ಧ ದಿನ ಕಳಿಯೂದಕ್ಕಿಂತ ಇದು ಎಷ್ಟೋ ವಾಸಿ. ಕದಿರಿ ದಾಟಿದ ಮ್ಯಾಲೆ ಗುಡ್ಡ ಶುರು ಆಗ್ತಾವು, ತಿರುವು ಬರ್ತಾವು, ನಸುಕಿನ್ಯಾಗ ಕಿಟಕಿ ಇಳಿಸಿ ಹೋಗ್ರಿ, ರೇಸ್ ನೋಡ್ಲಿಕ್ಕರ ನಡೀತೈತಿ.

ಚೆನ್ನೈ ಒಳಗ ಮಾತ್ರ ಹೊಟ್ಟಿ ಉರೀತು. ಹೋಟೆಲ್ ಹೆಸರ ಬ್ಯಾಡ. ಫೋನಿನ್ಯಾಗ ಕೇಳಿದ್ದೆ, ಬೇಸ್‌ಮೆಂಟ್ ರ‍್ಯಾಂಪ್ ಹೆಂಗ ಐತಿ, ಲೋ ಕಾರು ಇಳೀತೈತೇನು ಅಂತ. ‘ನೋ ಪ್ರಾಬ್ಲಂ ಸರ್’ ಅಂದ್ರು. ರ‍್ಯಾಂಪಿನ ತುದಿಗೆ ಎಂಥಾ ಏಣು ಇತ್ತಂದ್ರ ಮುಂದಿನ ಬಂಪರ್ ತಳದ ಲಿಪ್ ಪೂರ್ತಿ ಕೆರಕೊಂತ ಹೋತು. ಆಮ್ಯಾಲೆ ಕಾರು ನಿಲ್ಲಸೋ ವ್ಯಾಲೆ ಹುಡುಗ ಕೀ ಕೇಳಿದ, ಕೊಡ್ಲಿಲ್ಲ. ನಾನ ಇಳಿಸಿದೆ, ನಾನ ಏರಿಸಿದೆ.

ಕೋಟೆಕೂಪೆ (ಬಳ್ಳಾರಿ)
ರೇಸ್ ಹೆಂಗಿತ್ತು ಅದನ್ನ ಹೇಳಿ ಮಾರಾಯ್ರೆ.

ಗಿಣಿಗೇರಾ_ಗೇರ್ (ಕೊಪ್ಪಳ)
ಹೇಳ್ತೀನಿ ತಡೀರಿ. ಅದು 2023ರ ಡಿಸೆಂಬರ್‌ದಾಗ ಆಗಬೇಕಿತ್ತು, ಮಿಚಾಂಗ್ ಚಂಡಮಾರುತ ಬಂದು ಮುಂದ ಹೋತು. ನಡುವ ಕೋರ್ಟ್ ಕಚೇರಿನೂ ಆತು. ಕಡೀಗೆ 2024ರ ಆಗಸ್ಟ್ 31, ಸೆಪ್ಟೆಂಬರ್ 1. ಐಲ್ಯಾಂಡ್ ಗ್ರೌಂಡ್ ಸುತ್ತ 3.5 ಕಿ.ಮೀ. ಟ್ರ್ಯಾಕು. ಅಣ್ಣಾ ಸಾಲೈ, ಶಿವಾನಂದ ಸಾಲೈ, ನೇಪಿಯರ್ ಬ್ರಿಜ್. ಶನಿವಾರ ಸಂಜಿ ಮಳಿ ಹೊಡೀತು, ಎಲ್ಲಾ ತಡ. ಮಂದಿ ಛತ್ರಿ ಹಿಡ್ಕೊಂಡು ಕುಂತಿದ್ರು, ಯಾರೂ ಎದ್ದು ಹೋಗ್ಲಿಲ್ಲ. ಫ್ಲಡ್‌ಲೈಟ್ ಬೆಳಕಿನ್ಯಾಗ ಫಾರ್ಮುಲಾ 4 ಗಾಡಿ, ಅಂದ್ರ ಹೊಸಾ ಹುಡುಗ್ರು ಓಡ್ಸೋ ಸಣ್ಣ ರೇಸ್ ಕಾರು, ಗ್ವಾಡಿ ಸವರಿಕೊಂತ ಹೋದ್ರ ಎದಿ ಝಲ್ ಅಂತೈತಿ. ಯಾರದೋ ಮನಿ ಮುಂದಿನ ರಸ್ತಾದಾಗ ನಿಂತಂಗ. ಕಟ್ಟಿದ ಟ್ರ್ಯಾಕಿನ್ಯಾಗ ಇದು ಸಿಗಂಗಿಲ್ಲ.

ನಾಕನೇಗೇರ್ (ಬಳ್ಳಾರಿ, ಈಗ ಬೆಂಗಳೂರು)
ರ‍್ಯಾಲಿಗಳಲ್ಲಿ ಮಾರ್ಷಲ್ ಆಗಿ ಬಾವುಟ ಹಿಡಿದು ನಿಂತ ಅನುಭವ ಇದೆ, ಅದಕ್ಕೇ ಎರಡು ಮಾತು.

ಬೀದಿ ಸರ್ಕ್ಯೂಟ್ ಅಂದ್ರೆ ರಸ್ತೆಗೆ ಬ್ಯಾರಿಕೇಡ್ ಅಡ್ಡ ಇಟ್ಟು ಬಿಡೋದಲ್ಲ. ಎರಡೂ ಬದಿ ಕಾಂಕ್ರೀಟ್ ಬ್ಲಾಕ್, ಅದರ ಮೇಲೆ ಜಾಲರಿ, ತಿರುವುಗಳಲ್ಲಿ ಟೈರ್ ಗೋಡೆ, ಕ್ರೇನ್ ನಿಲ್ಲೋ ಜಾಗ, ಆಂಬುಲೆನ್ಸ್ ಹೊರಬೀಳೋ ದಾರಿ. ಎಲ್ಲಕ್ಕಿಂತ ತಲೆನೋವು ಮ್ಯಾನ್‌ಹೋಲ್ ಮುಚ್ಚಳ. ರೇಸ್ ಕಾರಿನ ತಳದಲ್ಲಿ ಹುಟ್ಟೋ ಹೀರುವಿಕೆಗೆ ಮುಚ್ಚಳ ಕಿತ್ತು ಬರುತ್ತೆ. 2023ರಲ್ಲಿ ಲಾಸ್ ವೇಗಸ್ ಫಾರ್ಮುಲಾ 1 ಮೊದಲ ಪ್ರಾಕ್ಟೀಸಲ್ಲಿ ನೀರಿನ ವಾಲ್ವ್ ಮುಚ್ಚಳ ಎದ್ದು ಡ್ರೈವರ್ ಸೈನ್ಜ್‌ನ ಫೆರಾರಿ ಪುಡಿಯಾಯ್ತು. ತಪ್ಪು ರಸ್ತೇದು, ಬಿಡಿಭಾಗ ಬದಲಾಯಿಸಿದ್ದಕ್ಕೆ ರೇಸ್ ಶುರುವಾಗೋ ಸಾಲಲ್ಲಿ (ಗ್ರಿಡ್) 10 ಸ್ಥಾನ ಹಿಂದೆ ಹೋಗಿದ್ದು ಸೈನ್ಜ್! ಎರಡನೇ ಪ್ರಾಕ್ಟೀಸ್ ಶುರುವಾಗೋ ಹೊತ್ತಿಗೆ ಬೆಳಗಿನ ಜಾವ, ಅಷ್ಟೊತ್ತಿಗೆ ಪ್ರೇಕ್ಷಕರನ್ನೆಲ್ಲ ಹೊರಗೆ ಕಳಿಸಿದ್ರು. 2019ರಲ್ಲಿ ಬಾಕು ಫಾರ್ಮುಲಾ 1ರಲ್ಲೂ ಡ್ರೈವರ್ ರಸೆಲ್‌ಗೆ ಇದೇ ಗತಿ. ಆ ಕಾರು ಹೊತ್ತೊಯ್ತಿದ್ದ ಲಾರಿಯ ಕ್ರೇನು ಸೇತುವೆಗೆ ಬಡಿದು ಕಾರಿನ ಮೇಲೆ ಎಣ್ಣೆ ಬೇರೆ ಸುರೀತು.

ಅದಕ್ಕೇ ಹೇಳೋದು, ವೇಳಾಪಟ್ಟಿ ನಂಬಿ ಅದೇ ರಾತ್ರಿ ವಾಪಸ್ ಹೊರಡೋ ಲೆಕ್ಕ ಹಾಕ್ಬೇಡಿ. ಬೀದಿ ರೇಸಲ್ಲಿ ಗಂಟೆಗಟ್ಟಲೆ ತಡ ಸಾಮಾನ್ಯ. ನಿದ್ದೆಗಣ್ಣಲ್ಲಿ 300 ಅಶ್ವಶಕ್ತಿ ಕಾರು ಓಡಿಸೋ ಕೆಲಸ ಬೇಡ.

ಬಿಸಿಲುಕುದುರೆ (ರಾಯಚೂರು)
ನಾಯಿ ವಿಷಯ ಬಿಟ್ರಿ. 2011ರಾಗ ದಿಲ್ಲಿ ಹತ್ರದ ಬುದ್ಧ ಸರ್ಕ್ಯೂಟ್‌ನ್ಯಾಗ ಫಾರ್ಮುಲಾ 1 ಮೊದಲನೇ ಪ್ರಾಕ್ಟೀಸ್‌ಗೇ ನಾಯಿ ಟ್ರ್ಯಾಕಿಗೆ ಬಂದು ಕೆಂಪು ಬಾವುಟ ಹಾರಿತ್ತು. ಅದು ಬೇಲಿ ಹಾಕಿ ಕಟ್ಟಿದ ಟ್ರ್ಯಾಕು. ಇನ್ನ ಬೀದಿ ಅಂದ್ರ ನಾಯಿದ್ದ ಮನಿ.

ಜೀನ್ಸ್‌ಗಲ್ಲಿ (ಬಳ್ಳಾರಿ)
ನಾಯಿಗೆ ಪೋಲ್ ಪೊಸಿಷನ್, ಎಲ್ಲರಿಗಿಂತ ಮುಂದಿನ ಜಾಗ, ಕೊಡ್ಬೇಕಿತ್ತು.

ಗೇರ್‌ಬಾಕ್ಸ್34
ಇಷ್ಟೆಲ್ಲಾ ಯಾಕೆ ಬ್ರದರ್. ಹೋಗೋ ಮುಂಚೆ ಒಂದು ಭಾನುವಾರ ಬೆಳಗ್ಗೆ ಬೈಪಾಸಲ್ಲಿ ಎಲ್ಲಾ ಕಾರು ಸಾಲಾಗಿ ನಿಲ್ಸಿ ಒಂದು ವಾರ್ಮ್‌ಅಪ್ ರೇಸ್ ಇಡೋಣ. ಡ್ರೋನ್ ನಂದು.

ನಿರ್ವಾಹಕ
ಬೇಡ. ಇಲ್ಲಿ ಅಂಥ ಕರೆ ಹಾಕಂಗಿಲ್ಲ. ಸಾರ್ವಜನಿಕ ರಸ್ತೇಲಿ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದ ರೇಸು ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ ಅಥವಾ ಎರಡೂ. ಮರುಕಳಿಸಿದ್ರೆ ಜೈಲು 1 ವರ್ಷದವರೆಗೆ, ದಂಡ 10,000ದವರೆಗೆ. ಇನ್ನೊಮ್ಮೆ ಬರೆದ್ರೆ ಪೋಸ್ಟ್ ತೆಗೀತೀನಿ.

ಗೇರ್‌ಬಾಕ್ಸ್34
ತಮಾಷೆಗೆ ಹೇಳಿದ್ದು ಸರ್.

ಸಂಡೂರುಸವಾರ (ಸಂಡೂರು)
ತಮಾಷೆ ಅಲ್ಲ ಅದು. ಬೆಳಗ್ಗೆ ಐದಕ್ಕೆ ಬೈಪಾಸಲ್ಲಿ ಕುರಿ ಮಂದೆ ದಾಟುತ್ತೆ, ಮೆಣಸಿನಕಾಯಿ ತುಂಬಿದ ಟ್ರ್ಯಾಕ್ಟರಿಗೆ ಹಿಂದಿನ ಲೈಟ್ ಇರಲ್ಲ. ನಿಮ್ಮ ಡ್ರೋನಿಗೆ ಏನು ಬೇಕಾದ್ರೂ ಸಿಗುತ್ತೆ, ಆಮೇಲೆ ನೋಡಾಕೆ ಆಗಲ್ಲ.

ಪಾಲಿಸಿಪಂಡಿತ (ಗಂಗಾವತಿ)
ಮೂಲ ಪ್ರಶ್ನೆಯಲ್ಲಿ ವಿಮೆ ಕೇಳಿದ್ರಿ, ಯಾರೂ ಉತ್ತರ ಕೊಟ್ಟಿಲ್ಲ. ನನ್ನ ದಂಧೆನೇ ಅದು, ಹೇಳ್ತೀನಿ.

ನಿಮ್ಮ ಪಾಲಿಸಿ ತೆಗೆದು ‘ಬಳಕೆಯ ಮಿತಿ’ ಅನ್ನೋ ಸಾಲು ಓದಿ. ಬಾಡಿಗೆ, ಸರಕು ಸಾಗಣೆ, ಸಂಘಟಿತ ರೇಸಿಂಗ್, ಪೇಸ್ ಮೇಕಿಂಗ್ (ಮುಂದೆ ಓಡಿ ಬೇರೆಯವರಿಗೆ ವೇಗ ಹೊಂದಿಸೋದು), ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಗಾಡಿ ಎಷ್ಟು ತಾಳುತ್ತೆ ಅನ್ನೋ ಪರೀಕ್ಷೆ), ಇವಕ್ಕೆ ಬಳಸಿದ್ರೆ ರಕ್ಷಣೆ ಇಲ್ಲ ಅಂತ ಇರುತ್ತೆ. ಝೀರೋ ಡೆಪ್, ರಿಟರ್ನ್ ಟು ಇನ್‌ವಾಯ್ಸ್ ಅಂತ ಯಾವ ಹೆಚ್ಚುವರಿ ರಕ್ಷಣೆ ತಗೊಂಡಿರಲಿ, ಈ ಸಾಲು ಹೋಗಲ್ಲ. ರೇಸ್ ನೋಡಾಕೆ ಹೋಗಿ ಪಾರ್ಕಿಂಗಲ್ಲಿ ಯಾರಾದ್ರೂ ಗೀರಿದ್ರೆ ಕ್ಲೇಮ್ ಮಾಡಬಹುದು, ಅನುಮಾನ ಬೇಡ. ಆದ್ರೆ ಟ್ರ್ಯಾಕ್ ಮೇಲಿನ ಮೆರವಣಿಗೆ ಸುತ್ತು? ಮುಂದೆ ಒಂದು ಕಾರು ನಿಧಾನಕ್ಕೆ ಹೋಗುತ್ತೆ, ಯಾರೂ ಹಿಂದಿಕ್ಕಂಗಿಲ್ಲ, ಇದು ರೇಸ್ ಅಲ್ಲ ಅಂತ ನೀವಂತೀರಿ. ರೇಸ್ ಟ್ರ್ಯಾಕಲ್ಲಿ, ರೇಸ್ ಕಾರ್ಯಕ್ರಮದ ಭಾಗವಾಗಿ ಆಗಿದ್ದು ಅಂತ ನಷ್ಟ ನೋಡಾಕೆ ಬರೋ ಸರ್ವೇಯರ್ ಬರೀತಾನೆ. ಆಮೇಲೆ ಗ್ರಾಹಕರ ಆಯೋಗ, ತಾರೀಖು, ವಕೀಲರು. ಕಂಪನಿಗೆ ಮೊದಲೇ ಮೇಲ್ ಹಾಕಿ ಲಿಖಿತ ಉತ್ತರ ತಗೊಳ್ಳಿ, ಏಜೆಂಟು ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ನಾನೂ ಏಜೆಂಟೇ, ಅದಕ್ಕೇ ಹೇಳ್ತಿದೀನಿ.

ಕೋಟೆಕೂಪೆ (ಬಳ್ಳಾರಿ)
ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಥ್ಯಾಂಕ್ಸ್. ಆ ಸುತ್ತಿನ ಆಸೆಗೇ ಇಬ್ರು ಕಾರು ತರ್ತೀನಿ ಅಂತಿದ್ರು.

ನಾಕನೇಗೇರ್ (ಬಳ್ಳಾರಿ, ಈಗ ಬೆಂಗಳೂರು)
ಆ ಸುತ್ತು ಬೇಕಾದವರಿಗೆಲ್ಲ ಸಿಗೋದೂ ಇಲ್ಲ. ರೇಸ್ ತಡ ಆದ್ರೆ ಮೊದಲು ಕತ್ತರಿ ಬೀಳೋದು ಅದಕ್ಕೇ. ಸಿಕ್ಕರೂ ಎರಡನೇ ಗೇರಲ್ಲಿ ಮೆರವಣಿಗೆ. ಓಡಿಸಲೇಬೇಕು ಅಂತಿದ್ರೆ ಕೊಯಮತ್ತೂರಿನ ಕಾರಿ ಸ್ಪೀಡ್‌ವೇ ಇದೆ, ಚೆನ್ನೈ ಹತ್ರ ಇರುಂಗಾಟ್ಟುಕೋಟೈಯಲ್ಲಿ 3.7 ಕಿ.ಮೀ. ಟ್ರ್ಯಾಕ್ ಇದೆ. ಟ್ರ್ಯಾಕ್ ಡೇ, ಅಂದ್ರೆ ಸ್ವಂತ ಕಾರು ಓಡಿಸಾಕೆ ಬಿಡೋ ದಿನ ನೋಡ್ಕೊಂಡು, ಹೆಲ್ಮೆಟ್ ಹಾಕ್ಕೊಂಡು ಹೋಗಿ. ಅಲ್ಲೂ ಪಂಡಿತರು ಹೇಳಿದ ಸಾಲು ಅನ್ವಯಿಸುತ್ತೆ, ನೆನಪಿರಲಿ.

ಹಂಗೇ ಒಂದು ಮಾತು. ನಮ್ಮ ದೇಶದ ಫಾರ್ಮುಲಾ 4 ಕಾರಿನ ಎಂಜಿನ್ 1.3 ಲೀಟರ್ ಟರ್ಬೊ. ನಿಮ್ಮ ಮಸ್ಟಾಂಗು 5 ಲೀಟರ್ ವಿ8, ಶಕ್ತಿ ಅದರ ಎರಡರಷ್ಟು. ಆದ್ರೂ ಮೊದಲ ತಿರುವಿಗೇ ಆ ಪುಟಾಣಿ ನಿಮ್ಮನ್ನ ಬಿಟ್ಟು ಹೋಗುತ್ತೆ, ತೂಕ ನಿಮ್ಮದರ ಅರ್ಧನೂ ಇಲ್ಲ. ಬೀದಿ ಸರ್ಕ್ಯೂಟಲ್ಲಿ ಅದನ್ನ ಹತ್ತಿರದಿಂದ ನೋಡಿದ್ರೆ ಸ್ವಂತ ಕಾರಿನ ಸ್ಪೆಕ್ ಶೀಟ್ ಹೇಳೋದು ಜನ ಬಿಡ್ತಾರೆ.

ಜೀನ್ಸ್‌ಗಲ್ಲಿ (ಬಳ್ಳಾರಿ)
ಮಸ್ಟಾಂಗ್ ಓನರ್ ಇದನ್ನ ಓದಿದ್ರೆ ಊಟ ಬಿಡ್ತಾರೆ.

ಹಂಪ್‌ಹತ್ತಲಾರೆ (ಸಿಂಧನೂರು)
ಚೆನ್ನೈ, ಹೈದರಾಬಾದ್ ದೂರದ ಮಾತು. ನಾನು ಸಿಂಧನೂರಿನಿಂದ ರಾಯಚೂರಿಗೆ ಹೋಗೋದೇ ಒಂದು ರ‍್ಯಾಲಿ. ಇಂಡಿಯನ್ ರೋಡ್ ಕಾಂಗ್ರೆಸ್ ಅಳತೆ ಪ್ರಕಾರ ಹಂಪ್ ಅಂದ್ರೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ನಮ್ಮ ಕಡೆ ಹಳ್ಳಿಯವರು ರಾತ್ರೋರಾತ್ರಿ ಹಾಕೋ ಹಂಪು ಒಂದು ಅಡಿ ಅಗಲ ಇರುತ್ತೆ, ಎತ್ತರ ಕೇಳ್ಬೇಡಿ. ಕಾರಿನ ಮೂತಿ ಎತ್ತೋ ನೋಸ್ ಲಿಫ್ಟ್ ಇದ್ದೋರು ಬಟನ್ ಒತ್ತಿ, ಇಲ್ಲದೋರು ದೇವರನ್ನ ಒತ್ತಿ. ನಾನು ಅಡ್ಡಡ್ಡ ಹತ್ತಿಸ್ತೀನಿ, ಹಿಂದೆ ಬರೋ ಬೈಕಿನವನು ‘ಕುಡ್ದಾನೇನು’ ಅಂತ ನೋಡ್ತಾನೆ.

ಕೋಟೆಕೂಪೆ (ಬಳ್ಳಾರಿ)
ಹಂಪ್ ಹಾಕೋರನ್ನೂ ಬೈಯಂಗಿಲ್ಲ ಬಿಡಿ. ಶಾಲೆ ಮುಂದೆ ಅದಿರು ಲಾರಿ ಹಾರಿಸ್ಕೊಂಡು ಹೋಗ್ತಾವೆ, ಅವರಿಗೆ ಗೊತ್ತಿರೋ ಬ್ರೇಕು ಅದೊಂದೇ.

ತೀನ್‌ಕಂದೀಲ್ (ರಾಯಚೂರು)
ಸಿಂಧನೂರಿಗೆ 2024ಕ್ಕ ರೈಲು ಬಂದದ. ರಾಯಚೂರಿಗೆ ಕೂಡೂದು ಬಾಕಿ ಅದ. ಕೂಡ್ಲಿ ತಡೀರಿ, ಆವಾಗ ನೀವೂ ನನ್ನ ಪಾರ್ಟಿ.

ಸಂಡೂರುಸವಾರ (ಸಂಡೂರು)
ಬಳ್ಳಾರಿಗೆ ದುಬಾರಿ ಕಾರು ಹೊಸದಲ್ಲ. ಗಣಿ ಜೋರಿದ್ದಾಗ ಇಲ್ಲಿ ಯಾವ ಗಾಡಿ ಓಡಾಡಿಲ್ಲ ಹೇಳಿ. ಧೂಳಿನಲ್ಲಿ ಕೆಂಪಾದ ಬಿಳಿ ಕಾರು ನೋಡಿನೇ ನಾವು ಬೆಳೆದಿದ್ದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಆ ಗಾಡಿಗಳು ಒಂದೊಂದೇ ಊರು ಬಿಟ್ಟವು. ಆಗಿನವರು ತೋರ್ಸಾಕೆ ತಗೊಂತಿದ್ರು, ಈಗಿನ ಹುಡುಗ್ರು ಓಡ್ಸಾಕೆ ತಗೊಂತಾರೆ. ಜೀನ್ಸ್ ಫ್ಯಾಕ್ಟರಿ, ಅಕ್ಕಿ ಗಿರಣಿ, ಆಸ್ಪತ್ರೆ ನಡೆಸೋರು, ಸೆಕೆಂಡ್ ಹ್ಯಾಂಡ್ ಪೋರ್ಷೆ ತಗೊಂಡು ಸರ್ವಿಸ್‌ಗೆ ಬೆಂಗಳೂರಿಗೆ ಓಡ್ತಾರೆ. ನನಗೆ ಇವರ ಮೇಲೆ ಸಿಟ್ಟಿಲ್ಲ.

ಬಿಸಿಲುಕುದುರೆ (ರಾಯಚೂರು)
ಸಿಟ್ಟಿಲ್ಲ ಅಂತೀರಿ, ಅದರಾಗ ಎಷ್ಟು ಕಾರಿಗೆ ಬಳ್ಳಾರಿಯ ಕೆಎ 34 ಪ್ಲೇಟ್ ಅದ ಕೇಳ್ರಿ. ಟ್ಯಾಕ್ಸ್ ಉಳಿಸಾಕ ಅರ್ಧ ಪುದುಚೇರಿ.

ಕೋಟೆಕೂಪೆ (ಬಳ್ಳಾರಿ)
ನಮ್ಮಲ್ಲಿ ಒಂದೇ ಒಂದು ಹೊರಗಿನ ಪ್ಲೇಟ್ ಇರೋದು. ಅದೂ ಹಿಂದಿನ ಮಾಲೀಕರು ಮಾಡಿಸಿದ್ದು. ಉಳಿದವರೆಲ್ಲ ಇಲ್ಲೇ ಟ್ಯಾಕ್ಸ್ ಕಟ್ಟಿದೀವಿ. 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ನಮ್ಮ ರಾಜ್ಯದಲ್ಲಿ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ಸು. ಒಂದು ಕೋಟಿ ಕಾರಿಗೆ ಲೆಕ್ಕ ಹಾಕಿ. ಕಟ್ಟಿದ ಮೇಲೂ ಅದೇ ಗುಂಡಿ.

ಪಾಲಿಸಿಪಂಡಿತ (ಗಂಗಾವತಿ)
‘ಹಿಂದಿನ ಮಾಲೀಕರು’ ಅನ್ನೋದು ಆರ್‌ಟಿಒ ಮುಂದೆ ನಡೆಯಲ್ಲ. ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ್ರೆ ಹೊಸ ನೋಂದಣಿ ಸಂಖ್ಯೆ ಪಡೀಬೇಕು, ಕಾಯ್ದೆಯ 47ನೇ ಕಲಂ. 2025ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಒಂದೇ ಕಾರ್ಯಾಚರಣೆಗೆ 30 ಐಷಾರಾಮಿ ಕಾರು ಹಿಡಿದ್ರು, ಫೆರಾರಿ, ಪೋರ್ಷೆ ಎಲ್ಲಾ ಇದ್ವು. ರೇಸ್ ವೀಕೆಂಡಲ್ಲಿ ಇಂಥ ಕಾರು ಗುಂಪಾಗಿ ಒಂದೇ ಕಡೆ ಸೇರಿದ್ರೆ ಹಿಡಿಯೋರಿಗೂ ಸಲೀಸು.

ಗಿಣಿಗೇರಾ_ಗೇರ್ (ಕೊಪ್ಪಳ)
ಪೊಲೀಸ್ರು ಅಂದ ಕೂಡ್ಲೆ ನೆನಪಾತು. ಆಫ್ಟರ್‌ಮಾರ್ಕೆಟ್ ಸೈಲೆನ್ಸರ್ ಹಾಕಿದವ್ರು ಹಳೇದು ಹಚ್ಚಿಕೊಂಡ ಹೋಗ್ರಿ. ರೇಸ್ ಗೇಟ್ ಮುಂದ ನಿಂತು ಪಟಪಟ ಹೊಡಸೂದು, ರೀಲ್ಸ್ ಮಾಡೂದು, ಅದನ್ನ ನೋಡಿ ಊರ ಮಂದಿ ನಮ್ಮೆಲ್ಲರನ್ನೂ ಬೈಯೂದು. ರೇಸ್ ಮಾಡೋ ಹುಡುಗ್ರು ಎಷ್ಟು ಶಿಸ್ತಿನ್ಯಾಗ ಇರ್ತಾರ, ನೋಡಾಕ ಬಂದವ್ರದ ಆರ್ಭಟ ಭಾಳ.

ಚುರುಮುರಿ_ಚಾಲಕ (ಬಳ್ಳಾರಿ)
ವಿಷಯಾಂತರಕ್ಕೆ ಕ್ಷಮೆ ಇರಲಿ. ಬಳ್ಳಾರಿಯಲ್ಲೇ ಯಾಕೆ ಬೀದಿ ರೇಸ್ ಆಗಬಾರದು? ರಾಯಲ್ ಸರ್ಕಲ್‌ನಿಂದ ಸ್ಟಾರ್ಟ್, ಮೋತಿ ಸರ್ಕಲ್, ಕೋಟೆ ರಸ್ತೆ, ಗುಡ್ಡ ಸುತ್ತಿ ವಾಪಸ್. ಹಿಂದೆ ಏಕಶಿಲಾ ಬೆಟ್ಟ, ಮುಂದೆ ಕಾರು. ಮೊನಾಕೋಗೇನು ಕಮ್ಮಿ? ಅಲ್ಲಿನ ಟ್ರ್ಯಾಕೂ 3.3 ಕಿ.ಮೀ. ಅಷ್ಟೇ.

ಜೀನ್ಸ್‌ಗಲ್ಲಿ (ಬಳ್ಳಾರಿ)
ಸುಧಾ ಕ್ರಾಸ್ ಕಡೆ ತಿರುಗಿಸಿ ಸ್ವಾಮಿ. ಲೀಡಲ್ಲಿರೋನು ರೈಲ್ವೆ ಗೇಟಲ್ಲಿ ನಿಲ್ತಾನೆ, ಹಿಂದಿನವರೆಲ್ಲ ಬಂದು ಸೇರ್ತಾರೆ. ರೇಸ್ ನಡುವೆ ಎಲ್ಲರನ್ನೂ ನಿಧಾನ ಮಾಡಿಸಿ ಒಟ್ಟುಗೂಡಿಸೋ ಸೇಫ್ಟಿ ಕಾರ್ ಖರ್ಚು ಉಳೀತು.

ಬಿಸಿಲುಕುದುರೆ (ರಾಯಚೂರು)
ಮೇ ತಿಂಗಳಿಗೆ ಇಡ್ರಿ. 2025ರಿಂದ ಫಾರ್ಮುಲಾ 1ನ್ಯಾಗ 31 ಡಿಗ್ರಿ ದಾಟತದ ಅಂತ ಗೊತ್ತಾದ್ರ ‘ಹೀಟ್ ಹಜಾರ್ಡ್’ ಸಾರ್ತಾರ, ಡ್ರೈವರ್‌ಗೆ ತಣ್ಣನ ನೀರು ಹರಿಯೋ ಅಂಗಿ ವ್ಯವಸ್ಥೆ ಬೇಕು. ಮೊದಲ ಸಾರಿದ್ದು ಸಿಂಗಪುರಕ್ಕ. 31 ಡಿಗ್ರಿ ಅಂದ್ರ ನಮ್ಮ ರಾಯಚೂರಿನ್ಯಾಗ ಮುದುಕ್ರು ಶಾಲು ಹೊದಿತಾರ್ರಿ!

ಹೇರ್‌ಪಿನ್‌ಅಕ್ಕ (ಹೊಸಪೇಟೆ)
😂 ನಗಬೇಡಿ, ಬಿಸಿಲಿನ ಮಾತು ನಮಗೂ ಸಂಬಂಧಪಟ್ಟದ್ದೇ. ಮಧ್ಯಾಹ್ನ ಹೊರಡೋರು ಟೈರಿನ ಗಾಳಿ ಬೆಳಗ್ಗೆ ತಣ್ಣಗಿದ್ದಾಗಲೇ ನೋಡ್ಕೊಳ್ಳಿ. ಹೆಚ್ಚುಕಮ್ಮಿ ಪ್ರತಿ 5-6 ಡಿಗ್ರಿಗೆ ಗಾಳಿಯ ಒತ್ತಡ ಒಂದು ಪಿಎಸ್‌ಐ ಏರುತ್ತೆ. ಬಿಸಿಯಾದ ಟೈರಿಗೆ ನೋಡಿ ಗಾಳಿ ಬಿಟ್ರೆ ರಾತ್ರಿ ಮಳೆಯಲ್ಲಿ ಕಮ್ಮಿ ಗಾಳಿಯಲ್ಲಿ ಓಡಿಸ್ತಿರ್ತೀರ. ಚೆನ್ನೈ ಮಳೆ ಮೇಲೆ ಹೇಳಿದಾರಲ್ಲ. ಟ್ರ್ಯಾಕ್ ಟೈರ್ ಹಾಕಿದವರಿಗೆ ಇನ್ನೂ ಕಷ್ಟ, ಆ ಟೈರಿಗೆ ನೀರು ಹೊರ ತಳ್ಳೋ ಗೆರೆ ಕಮ್ಮಿ.

ಬಡ್ಡಿಬಸ್ಸಣ್ಣ (ಕೊಪ್ಪಳ)
ಎಲ್ಲಾ ಓದಿದೆ. ನನ್ನ ಹತ್ರ ಕಾರೂ ಇಲ್ಲ, ಅದರ ಆಸೀನೂ ಇಲ್ಲ. ಒಂದ ಪ್ರಶ್ನಿ. ಶಹರದ ರಸ್ತಾ ದಿನಗಟ್ಲೆ ಮುಚ್ಚಿ, ಜನರ ದುಡ್ಡು ಸುರಿದು, ನಾಲ್ಕು ಮಂದಿ ಗಾಡಿ ಓಡಿಸೂದು ನೋಡಾಕ ನೀವು ಇನ್ನೊಂದು ರಾಜ್ಯಕ್ಕ ಹೋಗೂದು. ದವಾಖಾನಿಗೆ ಹೋಗೋನ ಗತಿ ಏನು? ಹೈದರಾಬಾದಿನ್ಯಾಗ ಮರುವರ್ಷ, 2024ರ ರೇಸು ರದ್ದಾತು, ಆಮ್ಯಾಲೆ ತನಿಖೆ, ಕೇಸು. ಇದೆಲ್ಲ ಬೇಕಾ?

ನಾಕನೇಗೇರ್ (ಬಳ್ಳಾರಿ, ಈಗ ಬೆಂಗಳೂರು)
ಪ್ರಶ್ನೆ ನ್ಯಾಯವಾದದ್ದೇ. ದುಡ್ಡು ಯಾರು ಹಾಕಬೇಕು, ರಸ್ತೆ ಎಷ್ಟು ದಿನ ಮುಚ್ಚಬೇಕು ಅನ್ನೋದನ್ನ ಮೊದಲೇ ಕಾಗದದ ಮೇಲೆ ಇಡದೆ ಶುರು ಮಾಡಿದ್ರೆ ಹಂಗೇ ಆಗೋದು. ಆದ್ರೆ ಬೀದಿ ರೇಸ್ ನೋಡಿದ ಮಕ್ಕಳಿಗೆ ಏನೋ ಹತ್ತುತ್ತೆ, ಅದೂ ನಿಜ. 2025ರಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಮೊನಾಕೋ ಬೀದಿಯಲ್ಲಿ ಫಾರ್ಮುಲಾ 2 (ಫಾರ್ಮುಲಾ 1ರ ಕೆಳಗಿನ ಹಂತ) ಸ್ಪ್ರಿಂಟ್, ಅಂದ್ರೆ ಚಿಕ್ಕ ರೇಸ್, ಗೆದ್ದ, ಅಲ್ಲಿ ಫಾರ್ಮುಲಾ 2 ಗೆದ್ದ ಮೊದಲ ಭಾರತೀಯ. ನಮ್ಮ ಪೇಪರಲ್ಲಿ ಎಷ್ಟು ಸಾಲು ಬಂತು?

ಬಡ್ಡಿಬಸ್ಸಣ್ಣ (ಕೊಪ್ಪಳ)
ಆ ಹುಡುಗಗ ಶಭಾಷ್. ಆದ್ರ ಅವ ಕಲ್ತಿದ್ದು ಟ್ರ್ಯಾಕಿನ್ಯಾಗ, ಬೀದ್ಯಾಗ ಅಲ್ಲ. ಒಂದು ಚಲೋ ಟ್ರ್ಯಾಕ್ ಕಟ್ರಿ, ನಮ್ಮ ಕಡೆ ಬರಡು ಭೂಮಿ ಬೇಕಾದಷ್ಟೈತಿ. ನಾನೂ ಟಿಕೆಟ್ ತಗೊಂಡು ಬರ್ತೀನಿ.

ಗಿಣಿಗೇರಾ_ಗೇರ್ (ಕೊಪ್ಪಳ)
ಬಸ್ಸಣ್ಣ ಟಿಕೆಟ್ ತಗೊಂತಾನಂತ, ಎಲ್ಲಾರೂ ಸ್ಕ್ರೀನ್‌ಶಾಟ್ ಹೊಡ್ಕೋರಿ.

ಡಾಕ್ಟರ್_ಆರ್‌ಪಿಎಂ (ರಾಯಚೂರು)
ಸಿಂಗಪುರದ ರಾತ್ರಿ ರೇಸ್ ನೋಡಿ ಬಂದವನು ನಾನು. ಅಲ್ಲಿ ಕಾರಿನಲ್ಲಿ ಬರುವ ಪ್ರೇಕ್ಷಕ ಕಡಿಮೆ. ಎಂಆರ್‌ಟಿ ರೈಲು ಇಳಿದು ನಡೆದು ಗೇಟಿಗೆ ಹೋಗುತ್ತಾರೆ, ಕೋಟ್ಯಧಿಪತಿಯೂ ಅದೇ ಸಾಲಿನಲ್ಲಿ. ಸೀಟು ಇಲ್ಲದ ಓಡಾಟದ ಟಿಕೆಟ್ ತೆಗೆದುಕೊಂಡರೆ ಪ್ರಾಕ್ಟೀಸ್ ಒಂದು ತಿರುವಿನಲ್ಲಿ, ಕ್ವಾಲಿಫೈಯಿಂಗ್ ಇನ್ನೊಂದರಲ್ಲಿ ನೋಡಬಹುದು. ಚೆನ್ನೈಯಲ್ಲೂ ಗವರ್ನ್‌ಮೆಂಟ್ ಎಸ್ಟೇಟ್ ಮೆಟ್ರೋ ನಿಲ್ದಾಣ ಟ್ರ್ಯಾಕಿನ ಹತ್ತಿರವೇ ಇದೆ. ಊರ ಅಂಚಿನಲ್ಲಿ ಮೆಟ್ರೋ ಹತ್ತಿರ ಇರುವ, ನೆಲಮಟ್ಟದ ಪಾರ್ಕಿಂಗ್ ಇರುವ ಹೋಟೆಲ್ ಹಿಡಿಯಿರಿ. ದಾರಿಯ ಸುಖವೂ ಸಿಗುತ್ತದೆ, ಊರೊಳಗಿನ ಗೋಳೂ ತಪ್ಪುತ್ತದೆ.

ಕಿವಿಗೆ ಇಯರ್ ಪ್ಲಗ್ ಕಡ್ಡಾಯ. ಮಕ್ಕಳಿದ್ದರೆ ಇಯರ್ ಮಫ್. ಇದನ್ನು ವೈದ್ಯನಾಗಿ ಹೇಳುತ್ತಿದ್ದೇನೆ.

ತೀನ್‌ಕಂದೀಲ್ (ರಾಯಚೂರು)
ನೋಡ್ರಿ, ಡಾಕ್ಟರೂ ಕಡೀಗೆ ರೈಲಿಗೇ ಬಂದ್ರು.

ಕೋಟೆಕೂಪೆ (ಬಳ್ಳಾರಿ)
ಸರಿ, ನಿನ್ನೆ ರಾತ್ರಿ ನಮ್ಮ ಗುಂಪಲ್ಲಿ ಕೂತು ಮಾತಾಡಿದ್ವಿ. ರೇಸ್ ಮತ್ತೆ ಚೆನ್ನೈಯಲ್ಲಾದ್ರೆ ಮೂರು ಕಾರು ಹೋಗುತ್ತೆ: ನನ್ನ 718, ಅಕ್ಕನ ಜೆಡ್4, ಮತ್ತೆ ಮಸ್ಟಾಂಗ್. ನಸುಕಿಗೆ ಹೊರಟು ಕದಿರಿ ದಾರಿ. ಡಾಕ್ಟ್ರು ಹೇಳಿದಂಗೆ ಊರ ಹೊರಗೆ ಹೋಟೆಲ್, ಅಲ್ಲಿಂದ ಮೆಟ್ರೋ. ರ‍್ಯಾಂಪಿನ ಫೋಟೋ ಕಳಿಸಿದ್ರೆ ಮಾತ್ರ ಬುಕಿಂಗ್. ಪುದುಚೇರಿ ಪ್ಲೇಟಿನ ಕಾರು ನೋಂದಣಿ ಬದಲಾಗೋ ತನಕ ಶೆಡ್ಡಲ್ಲೇ. ಟಿಟಿ ಮಾಲೀಕರು ತೀನ್‌ಕಂದೀಲ್ ಜೊತೆ ರೈಲಲ್ಲಿ ಬರ್ತಾರಂತೆ, ಅವರಿಗೆ ಸೊಂಟ ನೋವು. ಟ್ರ್ಯಾಕ್ ಸುತ್ತಿನ ಬಗ್ಗೆ ಕಂಪನಿಗೆ ಮೇಲ್ ಹಾಕಿದೀನಿ, ಉತ್ತರ ಬಂದ್ರೆ ಇಲ್ಲೇ ಹಾಕ್ತೀನಿ. ಎಲ್ಲರ ಬ್ಯಾಗು, ಛತ್ರಿ, ಬುತ್ತಿ, ಜೋಳದ ರೊಟ್ಟಿ ಗಂಟು ಮಸ್ಟಾಂಗ್ ಡಿಕ್ಕಿಗೆ, ಅದೊಂದಕ್ಕೇ ಸರಿಯಾದ ಡಿಕ್ಕಿ ಇರೋದು.

ಹೇರ್‌ಪಿನ್‌ಅಕ್ಕ (ಹೊಸಪೇಟೆ)
ಶೇಂಗಾ ಚಟ್ನಿ ನಂದು. ಹೇರ್‌ಪಿನ್ ಎದುರು ಸೀಟು ಸಿಗದಿದ್ರೆ ಚಟ್ನಿನೂ ಇಲ್ಲ.

ವಿ8ವೀರ (ಬಳ್ಳಾರಿ)
ಮಸ್ಟಾಂಗ್ ಓನರ್ ಇಲ್ಲೇ ಇದೀನಿ, ಮೊದಲಿನಿಂದ ಎಲ್ಲಾ ಓದಿದೀನಿ, ಊಟಾನೂ ಮಾಡಿದೀನಿ. ನನ್ನ ಕೇಳದೆ ನನ್ನ ಕಾರನ್ನ ಲಗೇಜ್ ಗಾಡಿ ಮಾಡಿದ್ದು ಯಾರು?